ತೆರಿಗೆಯ ಬಲೆ ನೇಯ್ದ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್

ಗಡಿನಾಡ ಕನ್ನಡಿಗರಾದ ನಮಗೆ 1956 ಎಂದೊಡನೆ ನೆನಪಾಗುವುದು ರಾಜ್ಯ ಪುನರ್ವಿಂಗಡಣೆ. ಆ ವರ್ಷದ ನವೆಂಬರ್ 1ರಂದು ಜಾರಿಗೆ ಬಂದ ಗೆರೆಗಳು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳನ್ನು ಮುಂಬಯಿ ರಾಜ್ಯದಲ್ಲಿಯೇ ಉಳಿಸಿದವು. ಅದೇ ವರ್ಷ ಭಾರತದ ತೆರಿಗೆ ವ್ಯವಸ್ಥೆಯಲ್ಲಿಯೂ ಒಂದು ದೊಡ್ಡ ಪಲ್ಲಟ ಮೊದಲಾಯಿತು. ಅದಕ್ಕೆ ನಕ್ಷೆ ಬರೆದುಕೊಟ್ಟವರು ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬಾಳಿದ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್. ಈ ಎರಡು ಘಟನೆಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಒಂದು ಎಳೆ ಅವೆರಡನ್ನೂ ಕಟ್ಟಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇವೆ.

ಕಾಲ್ಡೋರ್ ತಮ್ಮ ಜೀವಮಾನದ ಬಹುಭಾಗವನ್ನು ಒಂದು ಸರಳ ಪ್ರಶ್ನೆಗೆ ಮುಡಿಪಾಗಿಟ್ಟರು. ಕಂಪನಿಯೊಂದು ಲಾಭ ಗಳಿಸಿದಾಗ ಅದು ಷೇರುದಾರನನ್ನು ಎರಡು ದಾರಿಗಳಲ್ಲಿ ತಲುಪಬಲ್ಲದು. ಕಂಪನಿ ಲಾಭವನ್ನು ಹಂಚಿದರೆ ಅದು ಲಾಭಾಂಶ. ಹಂಚದೆ ತನ್ನಲ್ಲಿಯೇ ಇರಿಸಿಕೊಂಡರೆ ಷೇರಿನ ಬೆಲೆ ಏರುತ್ತದೆ. ಷೇರುದಾರ ಅದನ್ನು ಮಾರಿದಾಗ ಕೈಗೆ ಬರುವ ಹೆಚ್ಚಳವೇ ಬಂಡವಾಳ ಗಳಿಕೆ. ಮೂಲ ಒಂದೇ, ಜೇಬು ಒಂದೇ. ಹಾಗಿರುವಾಗ ಒಂದಕ್ಕೆ ಭಾರಿ ತೆರಿಗೆಯನ್ನೂ ಇನ್ನೊಂದಕ್ಕೆ ಅಲ್ಪ ತೆರಿಗೆಯನ್ನೂ ವಿಧಿಸಿದರೆ ಏನಾಗುತ್ತದೆ? ಗಡಿಯ ಆಚೆ ಈಚೆ ಪೆಟ್ರೋಲಿನ ಮೇಲಿನ ತೆರಿಗೆ ಬೇರೆಯಾದರೆ ವಾಹನಗಳು ಯಾವ ಬಂಕಿನ ಮುಂದೆ ಸಾಲುಗಟ್ಟುತ್ತವೆ ಎಂಬುದನ್ನು ನಮ್ಮ ಓದುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಹಣವೂ ಹಾಗೆಯೇ ನಡೆದುಕೊಳ್ಳುತ್ತದೆ ಎಂಬುದೇ ಕಾಲ್ಡೋರ್ ಅವರ ನಿಲುವು. ತೆರಿಗೆಯ ದರ ಎಷ್ಟು ಎಂಬುದಕ್ಕಿಂತಲೂ ಎರಡು ದರಗಳ ನಡುವಿನ ಅಂತರ ಎಷ್ಟು ಎಂಬುದೇ ಕಂಪನಿಗಳ ಹಾಗೂ ಹೂಡಿಕೆದಾರರ ನಡೆಯನ್ನು ನಿರ್ಧರಿಸುತ್ತದೆ ಎಂಬುದನ್ನು ಅವರ ಬದುಕು ಮತ್ತೆ ಮತ್ತೆ ತೋರಿಸಿಕೊಟ್ಟಿತು. ಕೆಲವೊಮ್ಮೆ ಅವರ ಇಚ್ಛೆಗೆ ವಿರುದ್ಧವಾಗಿಯೂ.

ಬುಡಾಪೆಸ್ಟಿನಿಂದ ಲಂಡನ್ನಿಗೆ

ಕಾಲ್ಡೋರ್ 1908ರ ಮೇ 12ರಂದು ಬುಡಾಪೆಸ್ಟಿನ ಅನುಕೂಲಸ್ಥ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ವಕೀಲರು. ಹುಟ್ಟೂರಿನ ಹೆಸರಾಂತ ಮಿಂಟಾ ಶಾಲೆಯಲ್ಲಿ ಓದಿ, 1925ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವನ್ನು ಸೇರಿದರು. ಕೆಲವೇ ವರ್ಷಗಳ ಹಿಂದೆ ಜರ್ಮನಿಯ ನಾಣ್ಯ ಕಾಗದದ ಚೂರಾಗಿ ಹೋಗಿತ್ತು. ಉಳಿತಾಯವನ್ನು ನಂಬಿದ್ದ ಕುಟುಂಬಗಳು ಬೀದಿಗೆ ಬಿದ್ದಿದ್ದವು. ಹಣದ ಮೌಲ್ಯವೆಂಬುದು ಕಲ್ಲಿನಲ್ಲಿ ಕೆತ್ತಿದ ಸಂಗತಿಯಲ್ಲ ಎಂಬ ಅರಿವು ಆ ತಲೆಮಾರಿನ ತರುಣರಿಗೆಲ್ಲ ಎಳವೆಯಲ್ಲಿಯೇ ಆಗಿತ್ತು. 1927ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ, 1930ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ಎರಡೇ ವರ್ಷಗಳಲ್ಲಿ ಅಲ್ಲಿಯೇ ಅಧ್ಯಾಪಕರಾದರು.

ಅಂದು ಆ ಸಂಸ್ಥೆಯಲ್ಲಿ ಲಯನೆಲ್ ರಾಬಿನ್ಸ್ ಹಾಗೂ ಫ್ರೆಡ್ರಿಕ್ ಹಯೆಕ್ ಅವರದೇ ಪ್ರಭಾವ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಆ ಪಂಥದ ನಂಬಿಕೆ. ಹಯೆಕ್ ಅವರ ಗ್ರಂಥವೊಂದನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ತರುವಲ್ಲಿ ಕಾಲ್ಡೋರ್ ಪಾಲುಗೊಂಡರು. ಆದರೆ ಅನುವಾದದ ಹೊತ್ತಿನಲ್ಲಿಯೇ ಆ ವಾದದ ಬಿರುಕುಗಳು ಕಣ್ಣಿಗೆ ಬೀಳತೊಡಗಿದವು. 1936ರಲ್ಲಿ ಕೇನ್ಸ್ ಅವರ ಮಹಾಗ್ರಂಥ ಹೊರಬಂದ ಮೇಲಂತೂ ಅವರು ಸಂಪೂರ್ಣವಾಗಿ ಆ ಪಕ್ಷಕ್ಕೆ ವಾಲಿದರು. 1934ರಲ್ಲಿ ಕ್ಲಾರಿಸ್ಸಾ ಗೋಲ್ಡ್‌ಸ್ಮಿತ್ ಅವರೊಡನೆ ವಿವಾಹವಾಯಿತು, ನಾಲ್ವರು ಹೆಣ್ಣುಮಕ್ಕಳು. ಅವರಲ್ಲಿ ಫ್ರಾನ್ಸಿಸ್ ಸ್ಟುವರ್ಟ್ ಹಾಗೂ ಮೇರಿ ಕಾಲ್ಡೋರ್ ಮುಂದೆ ತಮ್ಮ ಪಾಂಡಿತ್ಯದಿಂದಲೇ ಹೆಸರಾದರು.

ಯುದ್ಧಕಾಲದಲ್ಲಿ ಅವರು ಬೆವರಿಜ್ ಅವರ ಪೂರ್ಣ ಉದ್ಯೋಗದ ವರದಿಗೆ ಲೆಕ್ಕಾಚಾರದ ಅನುಬಂಧವನ್ನು ಸಿದ್ಧಪಡಿಸಿಕೊಟ್ಟರು. 1947ರಲ್ಲಿ ಗುನ್ನಾರ್ ಮಿರ್ಡಾಲ್ ಅವರ ಕರೆಗೆ ಓಗೊಟ್ಟು ಜಿನೀವಾದ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದಲ್ಲಿ ಸಂಶೋಧನಾ ವಿಭಾಗದ ಹೊಣೆ ಹೊತ್ತರು. 1949ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಫೆಲೋ ಆದರು. ಸಾಯುವವರೆಗೂ ಅದೇ ಅವರ ನೆಲೆ. ಸ್ಥೂಲಕಾಯ, ಬತ್ತದ ಮಾತು, ಎಲ್ಲರೊಡನೆಯೂ ವಾದಕ್ಕಿಳಿಯುವ ಹುಮ್ಮಸ್ಸು. ವಿಚಾರಗೋಷ್ಠಿಗಳಲ್ಲಿ ನಿದ್ದೆಹೋಗಿ, ಎಚ್ಚರವಾದೊಡನೆ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದರೆಂಬ ಮಾತು ಅವರ ಶಿಷ್ಯರಲ್ಲಿ ಬಹುಕಾಲ ಉಳಿಯಿತು.

ಒಂದೇ ಹಣಕ್ಕೆ ಎರಡು ವೇಷ

1951ರಲ್ಲಿ ಬ್ರಿಟಿಷ್ ಸರಕಾರ ಲಾಭ ಮತ್ತು ಆದಾಯಗಳ ಮೇಲಿನ ತೆರಿಗೆಯನ್ನು ಪರಿಶೀಲಿಸಲು ರಾಯಲ್ ಕಮಿಷನ್ ಒಂದನ್ನು ನೇಮಿಸಿತು. ಕಾಲ್ಡೋರ್ ಅದರ ಸದಸ್ಯರಾದರು. ಅಲ್ಲಿ ಅವರು ಕಂಡ ಚಿತ್ರವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅವರ ಮುಂದಿನ ಕೆಲಸಕ್ಕೆಲ್ಲ ಅದೇ ಅಡಿಪಾಯ.

ಯುದ್ಧಾನಂತರದ ಬ್ರಿಟನ್ನಿನಲ್ಲಿ ಅತಿ ಶ್ರೀಮಂತರ ಆದಾಯದ ಮೇಲಿನ ಸ್ತರಕ್ಕೆ ಆದಾಯ ತೆರಿಗೆಯೂ ಅಧಿಕ ತೆರಿಗೆಯೂ ಸೇರಿ ಶೇ. 97.5ರವರೆಗೂ ದರವಿತ್ತು. ಅಂಥವರಿಗೆ 100 ಪೌಂಡ್ ಲಾಭಾಂಶ ಬಂದರೆ ಕೈಯಲ್ಲಿ ಉಳಿಯುತ್ತಿದ್ದುದು ಎರಡೂವರೆ ಪೌಂಡ್. ಅದೇ 100 ಪೌಂಡನ್ನು ಕಂಪನಿ ಹಂಚದೆ ಉಳಿಸಿಕೊಂಡು, ಅದರಿಂದ ಷೇರಿನ ಬೆಲೆ ಅಷ್ಟೇ ಏರಿ, ಅವರು ಅದನ್ನು ಮಾರಿದರೆ ಪೂರ್ತಿ 100 ಪೌಂಡ್ ಅವರದು; ಬಂಡವಾಳ ಗಳಿಕೆಗೆ ತೆರಿಗೆಯೇ ಇರಲಿಲ್ಲ. ಇದಲ್ಲದೆ, ಹಂಚಿದ ಲಾಭದ ಮೇಲೆ ಕಂಪನಿಗಳು ಕೊಡಬೇಕಾದ ಲಾಭ ತೆರಿಗೆಯನ್ನು ಹೆಚ್ಚಾಗಿಯೂ, ಉಳಿಸಿಕೊಂಡ ಲಾಭದ ಮೇಲಿನದನ್ನು ಕಡಿಮೆಯಾಗಿಯೂ 1947ರಿಂದ ನಿಗದಿಪಡಿಸಲಾಗಿತ್ತು. ಕಂಪನಿಗಳು ಹಣವನ್ನು ಒಳಗೇ ಇರಿಸಿಕೊಂಡು ಕಾರ್ಖಾನೆಗಳನ್ನು ಬೆಳೆಸಲಿ ಎಂಬುದು ಸರಕಾರದ ಆಶಯ.

ಕಂಪನಿಗಳು ಹಣವನ್ನು ಇರಿಸಿಕೊಂಡವು ನಿಜ. ಆದರೆ ಅದರ ಪರಿಣಾಮ ಆಶಯದ ಗೆರೆ ದಾಟಿ ಹೋಯಿತು. ಲಾಭಾಂಶ ಕಡಿಮೆಯಾದುದರಿಂದ ಎಷ್ಟೋ ಹಳೆಯ ಕಂಪನಿಗಳ ಷೇರುಬೆಲೆ ಅವುಗಳ ಕಟ್ಟಡ, ನಿವೇಶನಗಳ ಮೌಲ್ಯಕ್ಕಿಂತಲೂ ಕೆಳಗಿಳಿಯಿತು. ಇದನ್ನು ಕಂಡುಕೊಂಡ ಚತುರರು ಅಂಥ ಕಂಪನಿಗಳನ್ನೇ ಕೊಳ್ಳತೊಡಗಿದರು. 1953ರಲ್ಲಿ ಚಾರ್ಲ್ಸ್ ಕ್ಲೋರ್ ಪಾದರಕ್ಷೆಗಳ ಅಂಗಡಿಸಾಲನ್ನು ಹೊಂದಿದ್ದ ಸಿಯರ್ಸ್ ಕಂಪನಿಯನ್ನು ವಶಪಡಿಸಿಕೊಂಡು, ಅದರ ಅಂಗಡಿಗಳನ್ನು ಮಾರಿ, ಅವನ್ನೇ ಬಾಡಿಗೆಗೆ ಪಡೆದು ದೊಡ್ಡ ಮೊತ್ತವನ್ನು ಬಿಡಿಸಿಕೊಂಡದ್ದು ಅಂದು ಮನೆಮಾತಾಯಿತು. ಕಾರ್ಖಾನೆ ಬೆಳೆಯಲೆಂದು ರೂಪಿಸಿದ ತೆರಿಗೆ ಕಂಪನಿಗಳ ಬೇಟೆಗೆ ದಾರಿ ಮಾಡಿಕೊಟ್ಟಿತು.

ಇನ್ನೊಂದು ಉಪಾಯವೂ ಬಳಕೆಯಲ್ಲಿತ್ತು. ಲಾಭಾಂಶ ಅಥವಾ ಬಡ್ಡಿ ಕೈಸೇರುವ ದಿನಕ್ಕೆ ಸ್ವಲ್ಪ ಮುನ್ನ ಶ್ರೀಮಂತನು ತನ್ನ ಷೇರು ಅಥವಾ ಬಾಂಡನ್ನು ತೆರಿಗೆ ವಿನಾಯಿತಿ ಇರುವ ಸಂಸ್ಥೆಗೆ ಮಾರುವನು. ಬರಲಿರುವ ಲಾಭಾಂಶ ಆ ಬೆಲೆಯಲ್ಲಿ ಅಡಗಿರುತ್ತದೆ. ಸಂಸ್ಥೆ ಲಾಭಾಂಶವನ್ನು ತೆರಿಗೆಯಿಲ್ಲದೆ ಪಡೆದ ಮೇಲೆ ಆತ ಅದನ್ನು ಕಡಿಮೆ ಬೆಲೆಗೆ ಮರಳಿ ಕೊಳ್ಳುವನು. ಹೀಗೆ ತೆರಿಗೆ ತೆರಬೇಕಾದ ಆದಾಯವು ತೆರಿಗೆಯಿಲ್ಲದ ಗಳಿಕೆಯ ವೇಷ ತೊಡುವುದು. ಇದನ್ನು ತಡೆಯಲು ಒಂದು ಕಲಮು ಸೇರಿಸಿದರೆ ಇನ್ನೊಂದು ದಾರಿ ತೆರೆದುಕೊಳ್ಳುತ್ತಿತ್ತು.

ಕಮಿಷನ್ನಿನ ಬಹುಮತ 1955ರ ಅಂತಿಮ ವರದಿಯಲ್ಲಿ ಬಂಡವಾಳ ಗಳಿಕೆಗೆ ತೆರಿಗೆ ಬೇಡವೆಂದೇ ತೀರ್ಮಾನಿಸಿತು. ಕಾಲ್ಡೋರ್ ಅದಕ್ಕೆ ಒಪ್ಪಲಿಲ್ಲ. ಕಾರ್ಮಿಕ ಸಂಘಟನೆಯ ಹಿನ್ನೆಲೆಯ ಜಾರ್ಜ್ ವುಡ್‌ಕಾಕ್ ಹಾಗೂ ಬುಲಕ್ ಅವರೊಡಗೂಡಿ ಪ್ರತ್ಯೇಕ ಭಿನ್ನಮತದ ಟಿಪ್ಪಣಿಯನ್ನು ಸಲ್ಲಿಸಿದರು. ಒಬ್ಬ ವ್ಯಕ್ತಿಯ ಕೊಳ್ಳುವ ಶಕ್ತಿಯನ್ನು ಹೆಚ್ಚಿಸುವ ಎಲ್ಲವೂ ಆದಾಯವೇ. ಅದು ಯಾವ ಬಾಗಿಲಿನಿಂದ ಬಂತೆಂಬುದು ಮುಖ್ಯವಲ್ಲ ಎಂಬುದು ಅದರ ತಿರುಳು. ಬಹುಮತದ ವರದಿಗಿಂತ ಈ ಟಿಪ್ಪಣಿಯೇ ಮುಂದೆ ಹೆಚ್ಚು ಓದುಗರನ್ನು ಕಂಡಿತು. ಅದೇ ವರ್ಷ ಪ್ರಕಟವಾದ ವೆಚ್ಚ ತೆರಿಗೆಯ ಕುರಿತ ಪುಸ್ತಕದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಳಿಕೆಯನ್ನು ಬಚ್ಚಿಡುವುದು ಸುಲಭವಾದರೆ, ಮನುಷ್ಯ ಖರ್ಚು ಮಾಡುವಾಗಲೇ ಅವನನ್ನು ಹಿಡಿಯೋಣ ಎಂಬ ವಿಚಾರವದು.

ಭಾರತಕ್ಕೊಂದು ವರದಿ

ಮಹಾಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಹ್ವಾನದ ಮೇರೆಗೆ ಕಾಲ್ಡೋರ್ 1956ರ ಆರಂಭದಲ್ಲಿ ಭಾರತಕ್ಕೆ ಬಂದರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ಹಣ ಹೊಂದಿಸುವ ಚಿಂತೆ ದೆಹಲಿಯನ್ನು ಕಾಡುತ್ತಿದ್ದ ಸಮಯ. ಕೆಲವೇ ತಿಂಗಳುಗಳಲ್ಲಿ ಸಿದ್ಧವಾದ ಅವರ ಭಾರತೀಯ ತೆರಿಗೆ ಸುಧಾರಣೆಯ ವರದಿ ಗಾತ್ರದಲ್ಲಿ ಕಿರಿದು, ಉದ್ದೇಶದಲ್ಲಿ ಹಿರಿದು.

ಬಂಡವಾಳ ಗಳಿಕೆಯ ತೆರಿಗೆ ಭಾರತಕ್ಕೆ ಹೊಸದಾಗಿರಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಮಧ್ಯಂತರ ಸರಕಾರದ ಅರ್ಥಸಚಿವ ಲಿಯಾಖತ್ ಅಲಿ ಖಾನ್ 1947ರ ಫೆಬ್ರವರಿಯ ಆಯವ್ಯಯದಲ್ಲಿ ಅದನ್ನು ಮೊದಲು ತಂದಿದ್ದರು. ವ್ಯಾಪಾರ ವಲಯದ ವಿರೋಧ ತೀವ್ರವಾಗಿತ್ತು. 1949ರಲ್ಲಿ ಜಾನ್ ಮಥಾಯಿ ಅದನ್ನು ತೆಗೆದುಹಾಕಿದರು. ಹೀಗಾಗಿ 1956ರ ಭಾರತದ ಸ್ಥಿತಿ ಬ್ರಿಟನ್ನಿನದಕ್ಕಿಂತ ಭಿನ್ನವಾಗಿರಲಿಲ್ಲ. ಮೇಲಿನ ಸ್ತರದ ಆದಾಯಕ್ಕೆ ಸುಮಾರು ಶೇ. 92ರ ದರ, ಷೇರು ಮಾರಿದ ಗಳಿಕೆಗೆ ಶೂನ್ಯ.

ಕಂಪನಿಗಳ ವಿಷಯದಲ್ಲಿಯಂತೂ ಕಾನೂನು ಎರಡು ಬಾಯಿಯಲ್ಲಿ ಮಾತಾಡುತ್ತಿತ್ತು. ಕೆಲವೇ ಮಂದಿಯ ಹಿಡಿತದಲ್ಲಿರುವ ಖಾಸಗಿ ಕಂಪನಿಗಳು ಲಾಭದ ನಿಗದಿತ ಭಾಗವನ್ನು ಹಂಚದಿದ್ದರೆ 1922ರ ಆದಾಯ ತೆರಿಗೆ ಕಾಯಿದೆಯ 23ಎ ಕಲಮಿನಡಿ ದಂಡನೆ. ಮಾಲೀಕರು ಕಂಪನಿಯನ್ನೇ ತಮ್ಮ ತಿಜೋರಿಯಾಗಿಸಿಕೊಳ್ಳಬಾರದೆಂಬುದು ಅದರ ಕಾರಣ. ಅದೇ 1956ರ ಆಯವ್ಯಯದಲ್ಲಿ ಸಿ. ಡಿ. ದೇಶಮುಖ್ ಪಾವತಿಯಾದ ಬಂಡವಾಳದ ಶೇ. 6ಕ್ಕಿಂತ ಹೆಚ್ಚು ಲಾಭಾಂಶ ಹಂಚುವ ಕಂಪನಿಗಳಿಗೂ, ಬೋನಸ್ ಷೇರುಗಳಿಗೂ ಹೆಚ್ಚುವರಿ ತೆರಿಗೆ ವಿಧಿಸಿದರು. ಹಂಚದ ಕಂಪನಿಗೊಂದು ಬೆತ್ತ, ಹೆಚ್ಚು ಹಂಚಿದ ಕಂಪನಿಗೊಂದು ಬೆತ್ತ.

ಕಾಲ್ಡೋರ್ ಸೂಚಿಸಿದ ಪರಿಹಾರಕ್ಕೆ ಎರಡು ಮುಖಗಳಿದ್ದವು. ಮೊದಲನೆಯದು ಬಲೆ. ಆದಾಯ, ಬಂಡವಾಳ ಗಳಿಕೆ, ಒಟ್ಟು ಸಂಪತ್ತು, ವೈಯಕ್ತಿಕ ವೆಚ್ಚ, ಕೊಡುಗೆ, ಈ ಐದರ ಮೇಲೆಯೂ ತೆರಿಗೆ. ಐದಕ್ಕೂ ಒಂದೇ ವಿವರಪತ್ರ. ಆದಾಯವನ್ನು ಮುಚ್ಚಿಟ್ಟವನ ಸಂಪತ್ತು ಬೆಳೆದಿರುತ್ತದೆ. ಸಂಪತ್ತನ್ನು ಮುಚ್ಚಿಟ್ಟವನು ಅದನ್ನು ಮಾರಿದಾಗ ಕೊಂಡವನ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾನೆ. ಮಕ್ಕಳಿಗೆ ವರ್ಗಾಯಿಸಿದವನು ಕೊಡುಗೆಯ ಲೆಕ್ಕದಲ್ಲಿ ಕಾಣಿಸುತ್ತಾನೆ. ಒಂದು ತೆರಿಗೆಯ ಲೆಕ್ಕವೇ ಇನ್ನೊಂದಕ್ಕೆ ಕಾವಲು. ಆಗ ಭಾರತದಲ್ಲಿ ವಂಚನೆಯಾಗುತ್ತಿದ್ದ ಆದಾಯ ತೆರಿಗೆ ವರ್ಷಕ್ಕೆ 200ರಿಂದ 300 ಕೋಟಿ ರೂಪಾಯಿ ಇರಬಹುದೆಂದು ಅವರು ಅಂದಾಜಿಸಿದ್ದರು.

ಎರಡನೆಯ ಮುಖವನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಬಲೆ ಪೂರ್ಣವಾದ ಮೇಲೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಸುಮಾರು ಶೇ. 45ಕ್ಕೆ, ಅಂದರೆ ಅಂದಿನ ಲೆಕ್ಕದಲ್ಲಿ ರೂಪಾಯಿಗೆ ಏಳಾಣೆಯ ಆಸುಪಾಸಿಗೆ ಇಳಿಸಬೇಕೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಶೇ. 92ರ ದರ ಕಾಗದದ ಮೇಲೆ ಮಾತ್ರ ಸಮಾನತೆಯನ್ನು ತರುತ್ತದೆ. ವಾಸ್ತವದಲ್ಲಿ ಅದು ಪ್ರಾಮಾಣಿಕನನ್ನು ಹಿಂಡಿ, ಜಾಣನನ್ನು ಬಿಟ್ಟುಬಿಡುತ್ತದೆ ಎಂಬುದು ಅವರ ಅಭಿಪ್ರಾಯ. ಸಮಾಜವಾದಿಯೆಂದು ಹೆಸರಾದ ವ್ಯಕ್ತಿ ದರವನ್ನು ಅರ್ಧಕ್ಕಿಳಿಸಿ ಎಂದದ್ದು ಬಲಪಂಥೀಯರಿಗೂ ಎಡಪಂಥೀಯರಿಗೂ ಸಮಾನವಾಗಿ ಅಚ್ಚರಿ ತಂದಿತು.

ಇಲ್ಲಿಯೇ ನಮ್ಮ ಗಡಿಗಳ ಕಥೆ ಈ ಕಥೆಯನ್ನು ಸಂಧಿಸುವುದು. ಪುನರ್ವಿಂಗಡಣೆಯಲ್ಲಿ ಮುಂಬಯಿ ನಗರವನ್ನು ಕೇಂದ್ರದ ಆಡಳಿತಕ್ಕೆ ಒಳಪಡಿಸುವ ಪ್ರಸ್ತಾಪವನ್ನು ವಿರೋಧಿಸಿ ಅರ್ಥಸಚಿವ ದೇಶಮುಖ್ 1956ರಲ್ಲಿ ರಾಜೀನಾಮೆಯಿತ್ತರು. ಅವರ ಸ್ಥಾನಕ್ಕೆ ಬಂದವರು ಟಿ. ಟಿ. ಕೃಷ್ಣಮಾಚಾರಿ. ಕಾಲ್ಡೋರ್ ವರದಿಯನ್ನು ಉತ್ಸಾಹದಿಂದ ಕೈಗೆತ್ತಿಕೊಂಡವರು ಅವರೇ. ಹೊಸ ರಾಜ್ಯಗಳು ಹುಟ್ಟಿದ ತಿಂಗಳ ಕೊನೆಯಲ್ಲಿಯೇ ಅವರು ಪೂರಕ ತೆರಿಗೆ ಪ್ರಸ್ತಾಪಗಳನ್ನು ಮಂಡಿಸಿ ಬಂಡವಾಳ ಗಳಿಕೆಯ ತೆರಿಗೆಯನ್ನು ಮರಳಿ ತಂದರು. 1957ರಲ್ಲಿ ಸಂಪತ್ತು ತೆರಿಗೆ ಮತ್ತು ವೆಚ್ಚ ತೆರಿಗೆ, 1958ರಲ್ಲಿ ಕೊಡುಗೆ ತೆರಿಗೆ ಕಾಯಿದೆಗಳಾದವು. ಜಗತ್ತಿನಲ್ಲಿ ವೆಚ್ಚ ತೆರಿಗೆಯನ್ನು ಮೊದಲು ಜಾರಿಗೆ ತಂದ ದೇಶ ಭಾರತವೇ.

ಆದರೆ ಬಲೆಯ ಕಣ್ಣುಗಳು ಸಡಿಲವಾಗಿಯೇ ಉಳಿದವು. ಒಂದೇ ವಿವರಪತ್ರದ ಸೂಚನೆ ಕೈಗೂಡಲಿಲ್ಲ. ಬಂಡವಾಳ ಗಳಿಕೆಗೆ ಇತರ ಆದಾಯಕ್ಕಿಂತ ಕಡಿಮೆ ದರ ನಿಗದಿಯಾಯಿತು. ಅಂತರ ಕಿರಿದಾಯಿತೇ ಹೊರತು ಅಳಿಯಲಿಲ್ಲ. ಗರಿಷ್ಠ ದರ 1957ರಲ್ಲಿ ದುಡಿದ ಆದಾಯಕ್ಕೆ ಶೇ. 77ಕ್ಕೂ, ಲಾಭಾಂಶದಂಥ ದುಡಿಯದ ಆದಾಯಕ್ಕೆ ಶೇ. 84ಕ್ಕೂ ಇಳಿದು ಅಲ್ಲಿಯೇ ನಿಂತಿತು. ವೆಚ್ಚ ತೆರಿಗೆಯಿಂದ ಬಂದ ಹಣ ತೀರ ಅಲ್ಪ. 1962ರಲ್ಲಿ ಮೊರಾರ್ಜಿ ದೇಸಾಯಿ ಅದನ್ನು ಕೈಬಿಟ್ಟರು, 1964ರಲ್ಲಿ ಕೃಷ್ಣಮಾಚಾರಿ ಪುನಃ ತಂದರು, 1966ರಲ್ಲಿ ಅದು ಮತ್ತೆ ರದ್ದಾಯಿತು. ಆದಾಯ ತೆರಿಗೆಯ ದರವಾದರೋ ತಿರುಗಿ ಏರುತ್ತ 1973–74ರಲ್ಲಿ ಶೇ. 97.75ನ್ನು ಮುಟ್ಟಿತು. ಕಾಲ್ಡೋರ್ ಬೇಡವೆಂದದ್ದು ಬೆಳೆಯಿತು, ಅವರು ಬೇಕೆಂದದ್ದು ಬಾಡಿತು. ದೂಷಣೆ ಮಾತ್ರ ಅವರ ಹೆಸರಿಗೇ ಅಂಟಿತು.

ಕಪ್ಪುಹಣವೆಂಬ ಮಾತು ನಮ್ಮ ನಿತ್ಯದ ಬಳಕೆಗೆ ಬಂದದ್ದು ಈ ದಶಕಗಳಲ್ಲಿ. ಆಸ್ತಿಯ ನೋಂದಣಿಯಲ್ಲಿ ಒಂದು ಬೆಲೆ, ಕೈಗೆ ಕೊಡುವುದು ಇನ್ನೊಂದು ಬೆಲೆ ಎಂಬ ರೂಢಿಯನ್ನು ಕಾಣದ ಊರು ಯಾವುದು? ಪೂರ್ಣ ಬಲೆಯೂ ಇಲ್ಲ, ಹಿತವಾದ ದರವೂ ಇಲ್ಲ ಎಂಬ ಸ್ಥಿತಿಯ ಫಲದಲ್ಲಿ ಇದೂ ಒಂದು.

ಹೋದಲ್ಲೆಲ್ಲ ಗದ್ದಲ

ಭಾರತದ ಬಳಿಕ ಕಾಲ್ಡೋರ್ ಸಿಲೋನ್, ಮೆಕ್ಸಿಕೋ, ಘಾನಾ, ಬ್ರಿಟಿಷ್ ಗಯಾನಾ, ಟರ್ಕಿ, ಇರಾನ್‌ಗಳಿಗೆ ಸಲಹೆಗಾರರಾಗಿ ಹೋದರು. ಸಿಲೋನಿನಲ್ಲಿ ವೆಚ್ಚ ತೆರಿಗೆ ಬಂದು ಕೆಲವೇ ವರ್ಷಗಳಲ್ಲಿ ಹೋಯಿತು. ಘಾನಾದಲ್ಲಿ 1961ರ ಆಯವ್ಯಯದ ಬಳಿಕ ಸೆಕೊಂಡಿ-ಟಕೊರಾಡಿಯ ರೈಲ್ವೆ ಹಾಗೂ ಬಂದರು ಕಾರ್ಮಿಕರು ಮುಷ್ಕರ ಹೂಡಿದರು. 1962ರ ಫೆಬ್ರವರಿಯಲ್ಲಿ ಬ್ರಿಟಿಷ್ ಗಯಾನಾದ ರಾಜಧಾನಿ ಜಾರ್ಜ್‌ಟೌನ್ ಹೊತ್ತಿ ಉರಿಯಿತು. ಆ ಗಲಭೆಗಳಿಗೆ ರಾಜಕೀಯ ಕಾರಣಗಳು ಬೇರೆಯೂ ಇದ್ದವು. ಆದರೂ ಕಾಲ್ಡೋರ್ ಕಾಲಿಟ್ಟಲ್ಲಿ ಗಲಭೆ ತಪ್ಪದು ಎಂಬ ಅಪಖ್ಯಾತಿ ಅವರನ್ನು ಹಿಂಬಾಲಿಸಿತು.

ಅವರ ದೋಷವೂ ಇಲ್ಲದಿರಲಿಲ್ಲ. ಕೇಂಬ್ರಿಜ್‌ನಲ್ಲಿ ಕುಳಿತು ರೂಪಿಸಿದ ಬಲೆಯನ್ನು ಹಿಡಿದೆಳೆಯಲು ಸಾವಿರಾರು ಕೈಗಳು ಬೇಕು. ಲೆಕ್ಕ ಬಲ್ಲ ಅಧಿಕಾರಿಗಳು, ದಾಖಲೆಯಿಟ್ಟ ಅಂಗಡಿಗಳು, ಗಟ್ಟಿ ಮನಸ್ಸಿನ ಸರಕಾರ ಇವೆಲ್ಲ ಇರಬೇಕು. ಹೊಸದಾಗಿ ಸ್ವತಂತ್ರವಾದ, ಸ್ವತಂತ್ರವಾಗಲಿದ್ದ ದೇಶಗಳಲ್ಲಿ ಅವು ಎಷ್ಟಿವೆಯೆಂದು ಅಳೆಯುವ ತಾಳ್ಮೆ ಅವರಿಗಿರಲಿಲ್ಲ. ರೋಗ ಬೇರೆಬೇರೆಯಾದರೂ ಒಂದೇ ಕಷಾಯವನ್ನು ಬರೆದುಕೊಡುವ ವೈದ್ಯನ ಹುಂಬತನ ಅವರಲ್ಲಿತ್ತು.

ಲಂಡನ್ನಿನಲ್ಲಿ ಕೈಗೆ ಬಂದ ಅಧಿಕಾರ

1964ರಲ್ಲಿ ಹೆರಾಲ್ಡ್ ವಿಲ್ಸನ್ ನೇತೃತ್ವದ ಲೇಬರ್ ಸರಕಾರ ಬಂದಾಗ ಕಾಲ್ಡೋರ್ ಅರ್ಥಸಚಿವ ಜೇಮ್ಸ್ ಕ್ಯಾಲಹನ್ ಅವರಿಗೆ ತೆರಿಗೆ ಸಲಹೆಗಾರರಾದರು. ಸರಕಾರಕ್ಕೆ ಸಲಹೆಯೀಯುತ್ತಿದ್ದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಥಾಮಸ್ ಬಲೋ ಕೂಡ ಹಂಗೇರಿಯವರೇ. ಈ ಜೋಡಿಯನ್ನು ಬುಡಾ ಮತ್ತು ಪೆಸ್ಟ್ ಎಂದು ಕರೆದು ಪತ್ರಿಕೆಗಳು ನಕ್ಕವು. ಅರ್ಧ ಬದುಕನ್ನು ಇಂಗ್ಲೆಂಡಿನಲ್ಲಿ ಕಳೆದವರ ನಿಷ್ಠೆಯನ್ನು ಅವರ ಉಚ್ಚಾರಣೆಯಿಂದ ಅಳೆಯುವ ಈ ಚಾಳಿ ಭಾಷಾ ಅಲ್ಪಸಂಖ್ಯಾತರಾದ ನಮಗೆ ಅಪರಿಚಿತವಲ್ಲ.

1964ರ ನವೆಂಬರಿನಲ್ಲಿ ಕ್ಯಾಲಹನ್ ಹೊಸ ತೆರಿಗೆಗಳ ಸೂಚನೆ ನೀಡಿದರು. ವಿವರಗಳು ಮುಂದಿನ ವಸಂತದವರೆಗೆ ಹೊರಬರಲಿಲ್ಲ. ಆ ತಿಂಗಳುಗಳ ಅನಿಶ್ಚಿತತೆಯಲ್ಲಿ ಷೇರುಪೇಟೆ ಕಂಗೆಟ್ಟಿತು. ತೆರಿಗೆ ಬರುವುದಕ್ಕೆ ಮುನ್ನವೇ ಅದರ ಭಯ ಹೂಡಿಕೆದಾರರ ನಡೆಯನ್ನು ಬದಲಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. 1965ರ ಕಾಯಿದೆ ಬಂಡವಾಳ ಗಳಿಕೆಗೆ ಶೇ. 30ರ ತೆರಿಗೆಯನ್ನು ತಂದಿತು. ಕಂಪನಿಗಳಿಗೆ ಪ್ರತ್ಯೇಕ ನಿಗಮ ತೆರಿಗೆಯನ್ನೂ ತಂದಿತು; ಅದರ ದರ ಶೇ. 40 ಎಂದು ಮುಂದೆ ನಿಗದಿಯಾಯಿತು. ಹಂಚಿದ ಲಾಭಾಂಶದ ಮೇಲೆ ಷೇರುದಾರನು ತನ್ನ ಆದಾಯ ತೆರಿಗೆಯನ್ನು ಬೇರೆಯಾಗಿ ತೆರಬೇಕು. ಹೀಗೆ ಹಂಚಿದ ಲಾಭಕ್ಕೆ ಎರಡು ಬಾರಿ ತೆರಿಗೆ, ಉಳಿಸಿಕೊಂಡದ್ದಕ್ಕೆ ಸದ್ಯಕ್ಕೆ ಒಂದೇ ಬಾರಿ. ಕಂಪನಿಗಳು ಲಾಭವನ್ನು ಉಳಿಸಿಕೊಂಡು ಯಂತ್ರೋಪಕರಣಗಳಲ್ಲಿ ತೊಡಗಿಸಿದರೆ ದೇಶ ಬೆಳೆಯುತ್ತದೆ ಎಂಬ ಅವರ ಬೆಳವಣಿಗೆಯ ಸಿದ್ಧಾಂತ ಇದರ ಹಿಂದಿತ್ತು.

ಅಂತರವಿದ್ದಲ್ಲಿ ಹಣ ಹರಿಯುತ್ತದೆ ಎಂದು ಹೇಳಿದವರೇ ಇಲ್ಲೊಂದು ಅಂತರವನ್ನು ಬಿಟ್ಟಿದ್ದರು. ಕಂಪನಿ ಕೊಡುವ ಲಾಭಾಂಶ ತೆರಿಗೆಯ ಲೆಕ್ಕದಲ್ಲಿ ಖರ್ಚಲ್ಲ. ಸಾಲದ ಮೇಲೆ ಕೊಡುವ ಬಡ್ಡಿ ಖರ್ಚು. ಕಂಪನಿಗಳ ಲೆಕ್ಕಿಗರು ಇದನ್ನು ಕೂಡಲೇ ಗುರುತಿಸಿದರು. ನಿಗದಿತ ಲಾಭಾಂಶದ ಆದ್ಯತಾ ಷೇರುಗಳು ಹಿಂದೆ ಸರಿದು ಸಾಲಪತ್ರಗಳು ಮುಂದೆ ಬಂದವು. ಅದೇ ಹಣ, ಅದೇ ಹೂಡಿಕೆದಾರ. ಕಾಗದದ ಮೇಲಿನ ಹೆಸರು ಮಾತ್ರ ಬೇರೆ. ಉಳಿಸಿಕೊಂಡ ಲಾಭವೆಲ್ಲ ಹೊಸ ಯಂತ್ರಗಳಾಗಿ ಮಾರ್ಪಡಲಿಲ್ಲ ಎಂಬ ಟೀಕೆಯೂ ಬಂತು. ಹಣ ಹಳೆಯ ಕಂಪನಿಗಳಲ್ಲಿಯೇ ಸಿಕ್ಕಿಕೊಂಡರೆ ಹೊಸ ಉದ್ಯಮಿಗೆ ಅದು ದಕ್ಕುವುದು ಹೇಗೆ ಎಂದು ವಿರೋಧಿಗಳು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. 1973ರಲ್ಲಿ ಕನ್ಸರ್ವೇಟಿವ್ ಸರಕಾರ ಕಂಪನಿ ಕಟ್ಟಿದ ತೆರಿಗೆಯ ಒಂದು ಭಾಗವನ್ನು ಷೇರುದಾರನ ಲೆಕ್ಕಕ್ಕೆ ಜಮೆ ಮಾಡುವ ಪದ್ಧತಿಯನ್ನು ತಂದು ಈ ಏರ್ಪಾಡನ್ನು ತಿರುಗಿಸಿತು.

ಬಂಡವಾಳ ಗಳಿಕೆಯ ತೆರಿಗೆ ಮಾತ್ರ ಉಳಿಯಿತು. ಆದರೆ ಅದರಲ್ಲಿಯೂ ಒಂದು ಕೊಂಡಿ ಕಳಚಿತು. ಮಾರಿದಾಗ ಮಾತ್ರ ತೆರಿಗೆಯೆಂದರೆ ಜನ ಮಾರುವುದನ್ನೇ ಮುಂದೂಡುತ್ತಾರೆ. ಬೆಲೆಯೇರಿದ ಷೇರನ್ನು ಸಾಯುವವರೆಗೂ ಹಿಡಿದಿಟ್ಟು ಮಕ್ಕಳಿಗೆ ಬಿಡುತ್ತಾರೆ. ಇದನ್ನು ತಡೆಯಲೆಂದು 1965ರ ಕಾಯಿದೆ ಮರಣವನ್ನೂ ಮಾರಾಟವೆಂದೇ ಪರಿಗಣಿಸಿತ್ತು. 1971ರಲ್ಲಿ ಆ ನಿಯಮ ರದ್ದಾಯಿತು. ಅಂದಿನಿಂದ ಕಾಯುವವನಿಗೆ ಲಾಭ, ಮಾರುವವನಿಗೆ ತೆರಿಗೆ ಎಂಬಂತಾಯಿತು.

ನಮ್ಮ ಕಾಲದ ಸಾಕ್ಷಿ

ಕಾಲ್ಡೋರ್ ಕಂಡ ಸತ್ಯಕ್ಕೆ ಹಳೆಯ ಲಂಡನ್ನಿನ ಸಾಕ್ಷಿಯೇ ಬೇಕೆಂದಿಲ್ಲ. ಭಾರತ 1997ರಲ್ಲಿ ಲಾಭಾಂಶವನ್ನು ಷೇರುದಾರನ ಕೈಯಲ್ಲಿ ಮುಕ್ತಗೊಳಿಸಿ, ಹಂಚುವ ಕಂಪನಿಯ ಮೇಲೆಯೇ ತೆರಿಗೆ ಹಾಕಿತು. ಕೂಡಲೇ ಮ್ಯೂಚುವಲ್ ಫಂಡುಗಳಲ್ಲಿ ಒಂದು ಉಪಾಯ ಹಬ್ಬಿತು. ಲಾಭಾಂಶಕ್ಕೆ ಮುನ್ನ ಯುನಿಟ್ಟುಗಳನ್ನು ಕೊಂಡು, ತೆರಿಗೆಯಿಲ್ಲದ ಲಾಭಾಂಶವನ್ನು ಪಡೆದು, ಬೆಲೆಯಿಳಿದ ಯುನಿಟ್ಟುಗಳನ್ನು ಮಾರಿ ನಷ್ಟ ತೋರಿಸುವುದು. ಅದನ್ನು ತಡೆಯಲು 2001ರಲ್ಲಿ ಕಾಯಿದೆಗೆ ಹೊಸ ಉಪಕಲಮು ಸೇರಿತು. ಅರ್ಧ ಶತಮಾನದ ಹಿಂದೆ ಬ್ರಿಟನ್ನಿನಲ್ಲಿ ನಡೆದುದರ ಕನ್ನಡಿಬಿಂಬವಿದು. ಅಲ್ಲಿ ಲಾಭಾಂಶ ಗಳಿಕೆಯ ವೇಷ ತೊಟ್ಟಿತ್ತು, ಇಲ್ಲಿ ಗಳಿಕೆ ಲಾಭಾಂಶದ ವೇಷ ತೊಟ್ಟಿತು.

2004ರಿಂದ ಷೇರುಪೇಟೆಯ ದೀರ್ಘಾವಧಿ ಗಳಿಕೆಗೆ ವಿನಾಯಿತಿ ಸಿಕ್ಕಿತು. 2016ರಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಲಾಭಾಂಶಕ್ಕೆ ಪಡೆಯುವವರೂ ಶೇ. 10 ತೆರಬೇಕಾಯಿತು. ದೊಡ್ಡ ಕಂಪನಿಗಳು ಷೇರುಗಳ ಮರುಖರೀದಿಯತ್ತ ಹೊರಳಿದವು. 2017ರಲ್ಲಿ ಟಿಸಿಎಸ್ 16,000 ಕೋಟಿ ರೂಪಾಯಿಗಳ, ಬೆಂಗಳೂರಿನ ಇನ್ಫೊಸಿಸ್ 13,000 ಕೋಟಿ ರೂಪಾಯಿಗಳ ಮರುಖರೀದಿ ನಡೆಸಿದವು. ಕೂಡಿಬಿದ್ದಿದ್ದ ನಗದನ್ನು ಹಿಂದಿರುಗಿಸಿರೆಂಬ ಹೂಡಿಕೆದಾರರ ಒತ್ತಾಯವೂ ಅದಕ್ಕೆ ಕಾರಣ. ಆದರೆ ಹಿಂದಿರುಗಿಸುವ ದಾರಿಯನ್ನು ಆರಿಸುವಾಗ ತೆರಿಗೆಯ ಅಂತರವೂ ತಕ್ಕಡಿಯಲ್ಲಿತ್ತು. ಸರಕಾರ 2018ರಲ್ಲಿ ದೀರ್ಘಾವಧಿ ಗಳಿಕೆಗೆ ಮತ್ತೆ ಶೇ. 10ರ ತೆರಿಗೆ ಹಾಕಿತು. 2019ರಲ್ಲಿ ಪೇಟೆಯಲ್ಲಿ ವಹಿವಾಟಾಗುವ ಕಂಪನಿಗಳ ಮರುಖರೀದಿಗೂ ತೆರಿಗೆ ವಿಸ್ತರಿಸಿತು. 2020ರಲ್ಲಿ ಲಾಭಾಂಶವನ್ನು ಪುನಃ ಪಡೆಯುವವರ ಆದಾಯಕ್ಕೆ ಸೇರಿಸಿತು. 2024ರ ಜುಲೈಯಲ್ಲಿ ದೀರ್ಘಾವಧಿ ಗಳಿಕೆಯ ದರ ಶೇ. 12.5 ಆಯಿತು, ಅಕ್ಟೋಬರ್ 1ರಿಂದ ಮರುಖರೀದಿಯ ಹಣವನ್ನೂ ಲಾಭಾಂಶವೆಂದು ಪರಿಗಣಿಸುವ ನಿಯಮ ಬಂತು. ಒಂದು ಕಿಂಡಿ ಮುಚ್ಚಿದಾಗ ಇನ್ನೊಂದು, ಅದನ್ನು ಮುಚ್ಚಿದಾಗ ಮತ್ತೊಂದು.

ಇದು ದೊಡ್ಡವರ ಆಟವೆಂದು ಸುಮ್ಮನಿರುವಂತಿಲ್ಲ. ಇಂದು ನಮ್ಮ ಊರುಗಳ ಶಿಕ್ಷಕರೂ ಕೃಷಿಕರೂ ನಿವೃತ್ತರೂ ಮ್ಯೂಚುವಲ್ ಫಂಡುಗಳಲ್ಲಿ ಹಣವಿಟ್ಟಿದ್ದಾರೆ. ಸಂಬಳದ ಮೇಲೆ ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ. ಅದಕ್ಕೆ ವೇಷ ಬದಲಿಸುವ ಅವಕಾಶವಿಲ್ಲ. ವೇಷ ಬದಲಿಸಬಲ್ಲ ಹಣ ಹೆಚ್ಚಾಗಿ ದೊಡ್ಡ ಹಣವೇ. ಅದು ತಪ್ಪಿಸಿಕೊಂಡ ಭಾರ ತಪ್ಪಿಸಿಕೊಳ್ಳಲಾಗದವರ ಹೆಗಲಿಗೆ ಬೀಳುತ್ತದೆ. ಕಾಲ್ಡೋರ್ ಅವರ ಕಾಳಜಿಯ ನೈತಿಕ ನೆಲೆ ಇದೇ.

ಕೊನೆಯ ವರ್ಷಗಳು

1974ರಲ್ಲಿ ಅವರು ಆಜೀವ ಪ್ರಭುತ್ವ ಪಡೆದು ಹೌಸ್ ಆಫ್ ಲಾರ್ಡ್ಸ್ ಸೇರಿದರು. 1976ರವರೆಗೆ ಅರ್ಥಸಚಿವ ಡೆನಿಸ್ ಹೀಲಿ ಅವರಿಗೂ ಸಲಹೆಗಾರರಾಗಿದ್ದರು. ಥ್ಯಾಚರ್ ಸರಕಾರದ ಹಣಪರಿಮಾಣ ವಾದವನ್ನು ಖಂಡಿಸುತ್ತ, ಪ್ರಭುಗಳ ಸಭೆಯಲ್ಲಿ ಭಾಷಣ ಮಾಡುತ್ತ, ಬರೆಯುತ್ತ ಕೊನೆಯ ವರ್ಷಗಳನ್ನು ಕಳೆದರು. 1986ರ ಸೆಪ್ಟೆಂಬರ್ 30ರಂದು ಕೇಂಬ್ರಿಜ್ ಸಮೀಪದ ಪ್ಯಾಪ್‌ವರ್ತ್‌ನಲ್ಲಿ ತೀರಿಕೊಂಡರು. ವಯಸ್ಸು 78. ನೊಬೆಲ್ ಪುರಸ್ಕಾರ ಅವರಿಗೆ ಒಲಿಯಲಿಲ್ಲ.

ಅವರು ಹೋದ ಎರಡೇ ವರ್ಷಗಳಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಅವರು ಬದುಕಿದಷ್ಟು ದಿನವೂ ಎದುರಿಸಿದ್ದ ಥ್ಯಾಚರ್ ಸರಕಾರದ ಅರ್ಥಸಚಿವ ನೈಜೆಲ್ ಲಾಸನ್ 1988ರ ಆಯವ್ಯಯದಲ್ಲಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 40ಕ್ಕೆ ಇಳಿಸಿದರು, ಅದರೊಂದಿಗೆ ಬಂಡವಾಳ ಗಳಿಕೆಗೂ ಆದಾಯಕ್ಕೂ ಒಂದೇ ದರವನ್ನು ಗೊತ್ತುಪಡಿಸಿದರು. ಮಿತವಾದ ದರ, ಆದರೆ ಎರಡಕ್ಕೂ ಸಮಾನ ದರ. 1956ರಲ್ಲಿ ದೆಹಲಿಗೆ ಬರೆದುಕೊಟ್ಟ ವರದಿಯ ತಿರುಳೂ ಹೆಚ್ಚುಕಡಿಮೆ ಅದೇ ಆಗಿತ್ತು. ಆ ಸಮಾನತೆ ಬ್ರಿಟನ್ನಿನಲ್ಲಿಯೂ ಬಹುಕಾಲ ಬಾಳಲಿಲ್ಲ. ಮುಂದಿನ ಸರಕಾರಗಳು ಮತ್ತೆ ದರಗಳನ್ನು ಬೇರ್ಪಡಿಸಿದವು. ಭಾರತದಲ್ಲಿ ಕೊಡುಗೆ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರಲ್ಲಿ ಕಣ್ಮರೆಯಾದವು. ಕಾಲ್ಡೋರ್ ನೇಯ್ದ ಹೊಸ ಎಳೆಗಳಲ್ಲಿ ಇಲ್ಲಿ ಇಂದಿಗೂ ಉಳಿದಿರುವುದು ಬಂಡವಾಳ ಗಳಿಕೆಯ ತೆರಿಗೆಯೊಂದೇ, ಅದೂ ತನ್ನದೇ ಬೇರೆ ದರದೊಂದಿಗೆ. ಪ್ರತಿ ಫೆಬ್ರವರಿಯಲ್ಲಿ ಆಯವ್ಯಯ ಮಂಡನೆಯಾದಾಗ ನಾವು ದರ ಏರಿತೋ ಇಳಿಯಿತೋ ಎಂದಷ್ಟೇ ವಿಚಾರಿಸುತ್ತೇವೆ. ಎರಡು ದರಗಳ ನಡುವೆ ಎಷ್ಟು ಅಂತರವಿದೆ, ಆ ಅಂತರದಲ್ಲಿ ಯಾರು ನಡೆದುಹೋಗುತ್ತಾರೆ ಎಂದೂ ವಿಚಾರಿಸುವುದು ಮೇಲು.